ಮೇಷ್ಟ್ರ ಜೇಬಿನ ಎರಡು ಕಾರ್ಡು

ಭಾನುವಾರ ಸೀಟಿ ಹಿಡಿದು ಮೈದಾನಕ್ಕೆ ಹೊರಟರೆ ಮನೆಯಲ್ಲಿ ಕೇಳುವುದು ಒಂದೇ ಪ್ರಶ್ನೆ, ಎಫ್‌ಡಿಎ ಪರೀಕ್ಷೆಗೆ ಓದುವುದು ಯಾವಾಗ ಎಂದು. ಫುಟ್‌ಬಾಲ್ ರೆಫರಿಯಾಗಿ ನಾನಿನ್ನೂ ಕೆಳಗಿನ ಮೆಟ್ಟಿಲಲ್ಲೇ ಇದ್ದೇನೆ. ಕಳೆದ ತಿಂಗಳು ಒಂದು ಪಂದ್ಯದಲ್ಲಿ ನಾನು ಕೊಟ್ಟ ಪೆನಾಲ್ಟಿ ತಪ್ಪಾಗಿತ್ತು. ನನ್ನ ಬಡ್ತಿಗೆ ಅಂಕ ಹಾಕಲು ಬಂದವರು ಅಂದೇ ಅಲ್ಲಿ ಕುಳಿತಿದ್ದರು. ಇದನ್ನೆಲ್ಲ ಬಿಟ್ಟುಬಿಡೋಣ ಅನ್ನಿಸಿದ ಆ ವಾರದಲ್ಲಿ ನನಗೆ ನೆನಪಾದವರು ಕೆನ್ ಆಸ್ಟನ್.

ಫುಟ್‌ಬಾಲ್ ನೋಡುವವರಿಗೆಲ್ಲ ಹಳದಿ ಕಾರ್ಡು, ಕೆಂಪು ಕಾರ್ಡು ಗೊತ್ತು. ಅವುಗಳ ಹಿಂದೆ ಒಬ್ಬ ಶಾಲಾ ಮೇಷ್ಟ್ರಿದ್ದರು ಎಂಬುದು ಅಷ್ಟಾಗಿ ಗೊತ್ತಿಲ್ಲ.

ಕೆನ್ ಆಸ್ಟನ್ ಹುಟ್ಟಿದ್ದು 1915ರಲ್ಲಿ, ಇಂಗ್ಲೆಂಡಿನ ಕೋಲ್ಚೆಸ್ಟರ್ ಎಂಬ ಊರಿನಲ್ಲಿ. ಓದು ಮುಗಿಸಿ ಶಿಕ್ಷಕರಾದರು. 1936ರಲ್ಲಿ, 21ನೇ ವಯಸ್ಸಿಗೆ ರೆಫರಿ ಅರ್ಹತೆ ಪಡೆದರು. ಆಗ ರೆಫರಿಗಿರಿ ಹೊಟ್ಟೆ ತುಂಬಿಸುವ ಉದ್ಯೋಗವಾಗಿರಲಿಲ್ಲ. ವಾರವಿಡೀ ಬೇರೆ ಕೆಲಸ ಮಾಡಿ, ರಜೆಯ ದಿನ ಬೂಟು ಕಟ್ಟಿಕೊಳ್ಳಬೇಕಿತ್ತು. ಇಂಗ್ಲೆಂಡಿನಲ್ಲಿ ಪೂರ್ಣಾವಧಿ ಸಂಬಳದ ರೆಫರಿಗಳು ಬಂದದ್ದೇ 2001ರಲ್ಲಿ. ಆಸ್ಟನ್ ಕೂಡ ಕೆಳಗಿನ ಲೀಗ್‌ಗಳಿಂದಲೇ ಆರಂಭಿಸಿದರು.

ಅಷ್ಟರಲ್ಲಿ ಎರಡನೇ ಮಹಾಯುದ್ಧ ಬಂತು. ಕಾಲಿನ ಹರಡಿಗೆ ಪೆಟ್ಟಾಗಿದ್ದರಿಂದ ವಾಯುಪಡೆ ಅವರನ್ನು ತೆಗೆದುಕೊಳ್ಳಲಿಲ್ಲ. ಫಿರಂಗಿ ದಳ ಸೇರಿದರು. ಅಲ್ಲಿಂದ ಬ್ರಿಟಿಷ್ ಇಂಡಿಯನ್ ಆರ್ಮಿಗೆ ಬಂದರು. ಯುದ್ಧ ಮುಗಿಯುವಾಗ ಅವರು ಲೆಫ್ಟಿನೆಂಟ್ ಕರ್ನಲ್. ಸಿಂಗಪುರದ ಚಾಂಗಿಯಲ್ಲಿ ಯುದ್ಧಾಪರಾಧಗಳ ವಿಚಾರಣೆ ನಡೆಸಿದ ನ್ಯಾಯಮಂಡಳಿಯಲ್ಲೂ ಕೆಲಸ ಮಾಡಿದರು. ಒಂದು ಬಾಗಿಲು ಮುಚ್ಚಿದ್ದಕ್ಕೆ ಅವರು ಮನೆಯಲ್ಲಿ ಕೂರಲಿಲ್ಲ.

ಊರಿಗೆ ಮರಳಿದ ಮೇಲೆ ಮತ್ತೆ ಅದೇ ಪಾಠ, ಅದೇ ಸೀಟಿ. ಆಗ ಲೈನ್ಸ್‌ಮನ್‌ಗಳು ಆತಿಥೇಯ ಕ್ಲಬ್‌ನ ಬಣ್ಣದ ಬಾವುಟ ಹಿಡಿಯುತ್ತಿದ್ದರು. ಇಂಗ್ಲೆಂಡಿನ ಮಂಜಿನಲ್ಲಿ ಅವು ರೆಫರಿಯ ಕಣ್ಣಿಗೆ ಬೀಳುತ್ತಿರಲಿಲ್ಲ. ಆಸ್ಟನ್ ಗಾಢ ಹಳದಿ ಬಾವುಟಗಳನ್ನು ಬಳಕೆಗೆ ತಂದರು. ತೊಂದರೆ ಕಂಡರೆ ಗೊಣಗದೆ ಉಪಾಯ ಹುಡುಕುವುದು ಅವರ ಗುಣ. ಬಡ್ತಿಯ ಏಣಿಯನ್ನು ಒಂದೊಂದೇ ಮೆಟ್ಟಿಲು ಹತ್ತಿದರು. 1953ರಲ್ಲಿ ಲಂಡನ್ ಪಕ್ಕದ ಇಲ್ಫೋರ್ಡ್‌ನಲ್ಲಿ ಶಾಲೆಯೊಂದರ ಮುಖ್ಯ ಶಿಕ್ಷಕರೂ ಆದರು. 1960ರಲ್ಲಿ ಯುರೋಪ್ ಮತ್ತು ದಕ್ಷಿಣ ಅಮೆರಿಕದ ಚಾಂಪಿಯನ್ ಕ್ಲಬ್‌ಗಳಾದ ರಿಯಲ್ ಮ್ಯಾಡ್ರಿಡ್ ಮತ್ತು ಪೆನರೋಲ್ ನಡುವಿನ ಎರಡನೇ ಪಂದ್ಯಕ್ಕೆ ಅವರೇ ರೆಫರಿ.

1962ರ ವಿಶ್ವಕಪ್ ಚಿಲಿಯಲ್ಲಿ. ಚಿಲಿ ಮತ್ತು ಸ್ವಿಟ್ಜರ್ಲೆಂಡ್ ಪಂದ್ಯವನ್ನು ಆಸ್ಟನ್ ನಡೆಸಿಕೊಟ್ಟರು. ಮೂರು ದಿನಗಳ ನಂತರ, ಜೂನ್ 2ರಂದು, ಚಿಲಿ ಮತ್ತು ಇಟಲಿ ಪಂದ್ಯವೂ ಅವರ ಪಾಲಿಗೇ ಬಂತು. ಎರಡು ವರ್ಷದ ಹಿಂದಷ್ಟೇ ಭಾರೀ ಭೂಕಂಪಕ್ಕೆ ನಲುಗಿದ್ದ ದೇಶ ಚಿಲಿ. ಅದರ ರಾಜಧಾನಿ ಸ್ಯಾಂಟಿಯಾಗೊವನ್ನು ಇಟಲಿಯ ಪತ್ರಕರ್ತರು ಹೀಗಳೆದು ಬರೆದಿದ್ದರು. ಊರೆಲ್ಲ ಕುದಿಯುತ್ತಿತ್ತು.

ಪಂದ್ಯ ಆರಂಭವಾಗಿ ನಿಮಿಷ ಕಳೆಯುವ ಮೊದಲೇ ಮೊದಲ ಫೌಲ್. ಸ್ವಲ್ಪ ಹೊತ್ತಿಗೇ ಇಟಲಿಯ ಫೆರ್ರಿನಿಯನ್ನು ಆಸ್ಟನ್ ಹೊರಗೆ ಕಳುಹಿಸಿದರು. ಆತ ಹೋಗಲೊಲ್ಲ. ಕೊನೆಗೆ ಪೊಲೀಸರೇ ಮೈದಾನಕ್ಕಿಳಿದು ಎಳೆದೊಯ್ದರು. ಚಿಲಿಯ ಲಿಯೊನೆಲ್ ಸ್ಯಾಂಚೆಜ್ ಒಬ್ಬನಿಗೆ ಗುದ್ದಿದ, ಆದರೂ ಮೈದಾನದಲ್ಲೇ ಉಳಿದ. ಗುದ್ದಿಸಿಕೊಂಡ ಡೇವಿಡ್ ಸೇಡಿಗೆ ಕಾಲೆತ್ತಿ ಒದ್ದು ಹೊರಬಿದ್ದ. ಇನ್ನೊಬ್ಬ ಇಟಲಿ ಆಟಗಾರನ ಮೂಗು ಮುರಿಯಿತು. ಒಂಬತ್ತು ಮಂದಿಯ ಇಟಲಿ 0-2ರಿಂದ ಸೋತಿತು. ಆಟದ ಇತಿಹಾಸದಲ್ಲಿ ಅದಕ್ಕೆ ಸ್ಯಾಂಟಿಯಾಗೊ ಕದನ ಎಂದೇ ಹೆಸರು.

ಆಸ್ಟನ್ ಬಳಿ ಆ ದಿನ ಇದ್ದದ್ದು ಸೀಟಿ, ಪುಸ್ತಕ, ಬೆರಳು ಮಾತ್ರ. ಟಿವಿಯಲ್ಲಿ ಆ ಪಂದ್ಯ ಕಂಡವರು ಛೀಮಾರಿ ಹಾಕಿದರು. ರೆಫರಿಯ ಮೇಲೂ ಟೀಕೆಯ ಮಳೆ. ಆ ವಿಶ್ವಕಪ್‌ನಲ್ಲಿ ಅವರು ಮತ್ತೆ ಸೀಟಿ ಊದಲಿಲ್ಲ. 26 ವರ್ಷ ಬೆವರು ಸುರಿಸಿ ತಲುಪಿದ ಎತ್ತರದಲ್ಲೇ ಬದುಕಿನ ಅತಿ ಕೆಟ್ಟ ಪಂದ್ಯ ಎದುರಾಗಿತ್ತು.

ಅವರು ಸೀಟಿ ಕೆಳಗಿಡಲಿಲ್ಲ. ಮರುವರ್ಷ, 1963ರ ಮೇ ತಿಂಗಳಲ್ಲಿ, ವೆಂಬ್ಲಿ ಮೈದಾನದಲ್ಲಿ ಎಫ್‌ಎ ಕಪ್ ಫೈನಲ್ ಅವರಿಗೆ ಸಿಕ್ಕಿತು. ಇಂಗ್ಲೆಂಡಿನ ರೆಫರಿಯೊಬ್ಬ ತನ್ನ ನಾಡಿನಲ್ಲಿ ಬಯಸಬಹುದಾದ ಅತಿ ದೊಡ್ಡ ಗೌರವ ಅದು. ಮ್ಯಾಂಚೆಸ್ಟರ್ ಯುನೈಟೆಡ್ ತಂಡ ಲೆಸ್ಟರ್ ಸಿಟಿಯನ್ನು 3-1ರಿಂದ ಮಣಿಸಿತು. ಆಸ್ಟನ್‌ಗೆ ಆಗ 47 ವರ್ಷ. ಅದೇ ವರ್ಷ ನಿವೃತ್ತರಾದರು.

ಆದರೆ ಅವರ ನಿಜವಾದ ಕೆಲಸ ಆಮೇಲೆ ಶುರುವಾಯಿತು. 1966ರ ವಿಶ್ವಕಪ್‌ನಲ್ಲಿ ರೆಫರಿಗಳ ಹೊಣೆ ಅವರದಾಗಿತ್ತು. ಇಂಗ್ಲೆಂಡ್ ಮತ್ತು ಅರ್ಜೆಂಟೀನಾ ಕ್ವಾರ್ಟರ್ ಫೈನಲ್‌ನಲ್ಲಿ ಜರ್ಮನಿಯ ರೆಫರಿ ಕ್ರೈಟ್ಲೈನ್ ಅರ್ಜೆಂಟೀನಾದ ನಾಯಕ ರಟ್ಟಿನ್‌ನನ್ನು ಹೊರಗೆ ಕಳುಹಿಸಿದರು. ಒಬ್ಬರಿಗೆ ಸ್ಪ್ಯಾನಿಷ್ ಬರದು, ಇನ್ನೊಬ್ಬರಿಗೆ ಜರ್ಮನ್ ಬರದು. ರಟ್ಟಿನ್ ಕದಲಲಿಲ್ಲ, ಆಟ ನಿಂತುಹೋಯಿತು. ಕೊನೆಗೆ ಆಸ್ಟನ್ ಅವರೇ ಮೈದಾನಕ್ಕಿಳಿದು ಸಮಾಧಾನಪಡಿಸಬೇಕಾಯಿತು. ಇಂಗ್ಲೆಂಡಿನ ಆಟಗಾರರಿಗೆ ಎಚ್ಚರಿಕೆ ಕೊಡಲಾಗಿತ್ತೋ ಇಲ್ಲವೋ ಎಂಬುದೂ ಪಂದ್ಯದ ನಂತರ ಗೊಂದಲವಾಯಿತು. ನಾಲ್ಕು ವರ್ಷದ ಹಿಂದೆ ಫೆರ್ರಿನಿಯೂ ಹೀಗೇ ನಿಂತಿದ್ದ.

ಅದೇ ಯೋಚನೆಯಲ್ಲಿ ಲಂಡನ್ನಿನ ಕೆನ್ಸಿಂಗ್ಟನ್ ಹೈ ಸ್ಟ್ರೀಟ್‌ನಲ್ಲಿ ಕಾರು ಓಡಿಸುತ್ತಿದ್ದಾಗ ಸಿಗ್ನಲ್ ದೀಪ ಹಳದಿಯಾಯಿತು, ಆಮೇಲೆ ಕೆಂಪು. ಹಳದಿ ಎಂದರೆ ಎಚ್ಚರ, ಕೆಂಪು ಎಂದರೆ ನಿಲ್ಲು. ಇದಕ್ಕೆ ಯಾವ ಭಾಷೆ ಬೇಕು? ಮನೆಗೆ ಬಂದು ಹೇಳಿದಾಗ ಪತ್ನಿ ಹಿಲ್ಡಾ ಜೇಬಿಗೆ ಹಿಡಿಯುವಷ್ಟು ಅಳತೆಗೆ ಬಣ್ಣದ ಕಾಗದ ಕತ್ತರಿಸಿ ಕೊಟ್ಟರಂತೆ. 1970ರ ಮೆಕ್ಸಿಕೊ ವಿಶ್ವಕಪ್‌ನಲ್ಲಿ ಕಾರ್ಡುಗಳು ಬಂದವು. ಆ ಟೂರ್ನಿಯಲ್ಲಿ ಒಬ್ಬ ಆಟಗಾರನೂ ಹೊರಗೆ ಹೋಗಲಿಲ್ಲ. ವಿಶ್ವಕಪ್‌ನ ಮೊದಲ ಕೆಂಪು ಕಾರ್ಡು ಕಂಡದ್ದು 1974ರಲ್ಲಿ. ಅದನ್ನು ಪಡೆದ ಕಾರ್ಲೋಸ್ ಕಾಸೆಲಿ ಚಿಲಿಯ ಆಟಗಾರ!

ಬದಲಿ ಆಟಗಾರರ ಸಂಖ್ಯೆ ತೋರಿಸುವ ಫಲಕ, ಚೆಂಡಿನೊಳಗಿನ ಗಾಳಿಯ ಒತ್ತಡಕ್ಕೆ ನಿಯಮ, ಇವುಗಳಲ್ಲೂ ಆಸ್ಟನ್ ಕೈಯಿದೆ. ಮುಂದೆ ಹಲವು ವರ್ಷ ಅಮೆರಿಕಕ್ಕೆ ಹೋಗಿ ಮಕ್ಕಳ ಪಂದ್ಯ ನಡೆಸುವ ಹವ್ಯಾಸಿ ರೆಫರಿಗಳಿಗೆ ಪಾಠ ಹೇಳಿದರು. ವಿಶ್ವಕಪ್ ಕಂಡವರು ಮತ್ತೆ ಕೆಳಗಿನ ಮೆಟ್ಟಿಲಿನವರ ಜೊತೆ ನಿಂತರು. 2001ರ ಅಕ್ಟೋಬರ್‌ನಲ್ಲಿ, 86ನೇ ವಯಸ್ಸಿನಲ್ಲಿ ತೀರಿಕೊಂಡರು.

ಬಡ್ತಿ, ನೇಮಕಾತಿ, ಕಟ್‌ಆಫ್ ಎಂದು ದಿನ ಎಣಿಸುವ ನಮಗೆ ಈ ಬದುಕಿನಲ್ಲಿ ಒಂದು ಸಮಾಧಾನವಿದೆ. ಆಸ್ಟನ್ ನಡೆಸಿದ ಒಳ್ಳೆಯ ಪಂದ್ಯಗಳು ಇಂದು ಯಾರಿಗೂ ನೆನಪಿಲ್ಲ. ಕೈಮೀರಿದ ಪಂದ್ಯದಲ್ಲಿ ಏನು ಕೊರತೆಯಿತ್ತು ಎಂದು ಅವರು ಹುಡುಕಿದ್ದರ ಫಲ ಮಾತ್ರ ಇಂದಿಗೂ ಪ್ರತಿ ರೆಫರಿಯ ಜೇಬಿನಲ್ಲಿದೆ.

ನನ್ನ ಬಡ್ತಿಯ ಫಲಿತಾಂಶ ಇನ್ನೂ ಬಂದಿಲ್ಲ. ಬರುವ ಭಾನುವಾರ ಹದಿನಾಲ್ಕರೊಳಗಿನ ಹುಡುಗರ ಪಂದ್ಯವಿದೆ. ಪೆನಾಲ್ಟಿ ಕೊಟ್ಟಾಗ ನಾನು ನಿಂತಿದ್ದ ಜಾಗವೇ ತಪ್ಪಾಗಿತ್ತು ಎಂದು ಈಗ ತಿಳಿದಿದೆ. ಈ ಸಲ ಹತ್ತು ಹೆಜ್ಜೆ ಹೆಚ್ಚು ಓಡುತ್ತೇನೆ.