ಹೊದಿಗೆರೆಯಲ್ಲಿ ಮಲಗಿರುವ ಶಹಾಜಿ

ಅಭ್ಯಾಸ ಪಾಠದಲ್ಲಿ ನನ್ನ ವಿಷಯ ವಿಜ್ಞಾನ. ಸಮಾಜ ವಿಜ್ಞಾನದ ಶಿಕ್ಷಕರು ರಜೆಯ ಮೇಲಿದ್ದ ವಾರ ಎಂಟನೆಯ ತರಗತಿಗೆ ಮರಾಠರ ಪಾಠ ಮಾಡುವ ಕೆಲಸ ನನ್ನ ಪಾಲಿಗೆ ಬಂತು. ಶಹಾಜಿ ಭೋಂಸ್ಲೆ ಎಂದರೆ ಶಿವಾಜಿಯ ತಂದೆ, ನನಗೆ ತಿಳಿದದ್ದು ಅಷ್ಟೇ. ಆತನ ಸಮಾಧಿ ಪಕ್ಕದ ಚನ್ನಗಿರಿ ತಾಲ್ಲೂಕಿನ ಹೊದಿಗೆರೆಯಲ್ಲಿದೆ, 1997ರವರೆಗೆ ಆ ಊರು ನಮ್ಮ ಶಿವಮೊಗ್ಗ ಜಿಲ್ಲೆಯಲ್ಲೇ ಇತ್ತು ಎಂಬುದು ಕಾಗದನಗರದಲ್ಲಿ ಬೆಳೆದ ನನಗೆ ಗೊತ್ತೇ ಇರಲಿಲ್ಲ. ಪಾಠಕ್ಕೆ ಮುಂಚಿನ ಭಾನುವಾರ ಹೋಗಿ ನೋಡಿ ಬಂದೆ. ಅಷ್ಟು ದೊಡ್ಡ ಹೆಸರಿಗೆ ಬಹಳ ಸರಳವಾದ ಸಮಾಧಿ.

ಮಾಲೋಜಿಯ ಮಗ ಶಹಾಜಿ ಅಹಮದ್‌ನಗರದ ನಿಜಾಮಶಾಹಿಯ ಸರದಾರ. ನಡುವೆ ಬಿಜಾಪುರಕ್ಕೂ ಮೊಘಲರಿಗೂ ದುಡಿದ. ಕೊನೆಗೆ ಒಬ್ಬ ಬಾಲಕನನ್ನು ಗದ್ದುಗೆಗೇರಿಸಿ ನಿಜಾಮಶಾಹಿಯನ್ನು ಉಳಿಸಲು ಹೆಣಗಿದ. 1636ರಲ್ಲಿ ಅದು ಅಳಿದಾಗ ಬಿಜಾಪುರದ ಆದಿಲ್‌ಶಾಹಿಯನ್ನು ಸೇರಿದ. ಮಕ್ಕಳಿಗೆ ಇದು ಪಕ್ಷಾಂತರದಂತೆ ಕಂಡಿತು. ಆಗಿನ ಸರದಾರನಿಗೆ ಅವನ ಕುದುರೆ ದಂಡೇ ಬಂಡವಾಳ ಎಂದು ವಿವರಿಸಬೇಕಾಯಿತು.

ರಣದುಲ್ಲಾಖಾನನ ದಂಡಿನೊಡನೆ ಆತ ಕರ್ನಾಟಕಕ್ಕೆ ಬಂದ. ಆ ದಂಡು ಇಕ್ಕೇರಿಯನ್ನು ಮುತ್ತಿತು. ಕೆಳದಿಯ ವೀರಭದ್ರ ನಾಯಕ ರಾಜಧಾನಿಯನ್ನು ಬಿದನೂರಿಗೆ ಸಾಗಿಸಿದ. 1638ರಲ್ಲಿ ಕೆಂಪೇಗೌಡರ ವಂಶದ ಕೈತಪ್ಪಿದ ಬೆಂಗಳೂರು ಶಹಾಜಿಯ ಜಹಗೀರಾಯಿತು. ಕೋಲಾರ, ಹೊಸಕೋಟೆ, ದೊಡ್ಡಬಳ್ಳಾಪುರ, ಶಿರಾ ಕೂಡ ಸೇರಿದವು. ಬಾಲಕ ಶಿವಾಜಿ ಕೆಲಕಾಲ ಬೆಂಗಳೂರಿನಲ್ಲಿ ತಂದೆಯ ಬಳಿ ಇದ್ದ. ಶಹಾಜಿಯ ಆಸ್ಥಾನದಲ್ಲಿ ಪಂಡಿತರಿದ್ದರು. ಜಯರಾಮ ಪಿಂಡ್ಯೆ ಆತನ ಮೇಲೆ ಚಂಪೂಕಾವ್ಯವನ್ನೇ ಬರೆದ.

ಮಗ ಕೋಟೆಗಳನ್ನು ಹಿಡಿಯತೊಡಗಿದ್ದರ ಬಿಸಿ ತಂದೆಗೆ ತಟ್ಟಿತು. 1648ರಲ್ಲಿ ಜಿಂಜಿಯ ಬಳಿ ಶಹಾಜಿಯನ್ನು ಸೆರೆಹಿಡಿದರು. ಮರುವರ್ಷ ಶಿವಾಜಿ ಕೊಂಡಾಣ ಕೋಟೆಯನ್ನು ಬಿಟ್ಟುಕೊಟ್ಟ ಮೇಲೆ ಬಿಡುಗಡೆಯಾಯಿತು. ಮುಂದೆ ಕನಕಗಿರಿಯಲ್ಲಿ ಹಿರಿಯ ಮಗ ಸಂಭಾಜಿ ತೀರಿಕೊಂಡ.

ಕೊನೆಯ ವರ್ಷಗಳಲ್ಲಿ ಬಿಜಾಪುರದ ದಂಡು ಮತ್ತೆ ಬಿದನೂರಿನ ಮೇಲೆ ಬಂತು. ಆ ದಂಡಿನಲ್ಲಿದ್ದ ಶಹಾಜಿ 1664ರ ಜನವರಿಯಲ್ಲಿ ಹೊದಿಗೆರೆಯ ಕಾಡಿನಲ್ಲಿ ಬೇಟೆಯಾಡುವಾಗ ಕುದುರೆಯಿಂದ ಬಿದ್ದು ಸತ್ತ.

ಅವನು ನಮ್ಮವನೋ, ಕೆಳದಿಯ ಮೇಲೆ ಬಂದ ಎದುರಾಳಿಯೋ ಎಂದು ಹಿಂದಿನ ಬೆಂಚಿನ ಹುಡುಗಿ ಕೇಳಿದಳು. ಪಾಠಯೋಜನೆಯಲ್ಲಿ ಈ ಪ್ರಶ್ನೆಗೆ ನಾನು ಜಾಗ ಬಿಟ್ಟಿರಲಿಲ್ಲ. ಭೂಪಟ ತೆರೆದು ಇಕ್ಕೇರಿ, ಬೆಂಗಳೂರು, ಜಿಂಜಿ, ಹೊದಿಗೆರೆಗಳನ್ನು ಗುರುತಿಸಲು ಹೇಳಿದೆ. ಮಕ್ಕಳು ಎರಡು ಗುಂಪಾಗಿ ವಾದಕ್ಕಿಳಿದರು. ಗಂಟೆ ಬಾರಿಸಿದಾಗ ಕಪ್ಪುಹಲಗೆಯ ಕಾಲರೇಖೆ 1664ರಲ್ಲೇ ನಿಂತಿತ್ತು. ಶಿವಾಜಿಯ ಪಟ್ಟಾಭಿಷೇಕಕ್ಕೆ ಇನ್ನೂ ಹತ್ತು ವರ್ಷವಿತ್ತು.