ಮೂರೇ ಅಕ್ಷರ: ದ್ರಾಕ್ಷಿಯೂ ಒರತೆಯೂ

ಮದ್ರಸದಲ್ಲಿ ನಮ್ಮ ಮಕ್ಕಳು ಅಕ್ಷರದ ಮೇಲೆ ಫತಹ್, ಕೆಳಗೆ ಕಸರ್ ಎಂದು ನೋಡಿ ಓದುತ್ತಾರೆ. ಈ ಗುರುತುಗಳಿಗೆ ಇಂದಿನ ರೂಪ ಕೊಟ್ಟವರು ಯಾರು ಅಂತ ಮಕ್ಕಳು ಕೇಳಿದರೆ ನಮ್ಮಲ್ಲಿ ಹೆಚ್ಚಿನವರು ಸುಮ್ಮನಾಗುತ್ತೇವೆ. ಅವರೇ ಬಸರಾದ ಇಮಾಮ್ ಖಲೀಲ್ ಬಿನ್ ಅಹ್ಮದ್ ಅಲ್ ಫರಾಹೀದಿ (ರ) ಎಂದು ವಿದ್ವಾಂಸರು ಹೇಳುತ್ತಾ ಬಂದಿದ್ದಾರೆ.

ಕ್ರಿ.ಶ. 718ರ ಸುಮಾರಿಗೆ ಒಮಾನಿನಲ್ಲಿ ಹುಟ್ಟಿದ ಖಲೀಲರು ಕಲಿತದ್ದು, ಕಲಿಸಿದ್ದು ಇರಾಕಿನ ಬಸರಾದಲ್ಲಿ. ಆಗ ದೀನ್ ಅರಬೇತರ ನಾಡುಗಳಿಗೂ ಹಬ್ಬಿತ್ತು, ಪೇಟೆಯ ಅರಬಿ ಹಲವು ಭಾಷೆಗಳ ಜೊತೆ ಬೆರೆಯುತ್ತಿತ್ತು. ಹಳೆಯ ಪದಗಳು ಮರೆತುಹೋದರೆ ಕುರ್‌ಆನಿನ ಅರ್ಥವೇ ಕೈತಪ್ಪೀತು ಎಂಬ ಚಿಂತೆ ಇತ್ತು. ಅದಕ್ಕೇ ಅವರು ಹಿಜಾಝ್, ನಜ್ದ್, ತಿಹಾಮದ ಬದೂಗಳ ಮಾತಿಗೆ ಕಿವಿಗೊಟ್ಟರು. ಒಂಟೆ ಮೇಯಿಸುವವರಿಗೆ ಹುಲ್ಲು, ನೀರು ಎರಡೂ ಪ್ರಾಣ. ಅವುಗಳ ಹೆಸರುಗಳೂ ಅವರಲ್ಲಿ ಹೇರಳ.

ಹೀಗೆ ರೂಪುಗೊಂಡದ್ದೇ ಅರಬಿಯ ಮೊದಲ ನಿಘಂಟು 'ಕಿತಾಬುಲ್ ಐನ್'. ಗಂಟಲಿನ ಆಳದಿಂದ ಹೊರಡುವ 'ಐನ್' ಅಕ್ಷರದಿಂದಲೇ ಅದರ ಆರಂಭ. ಐನ್ ಎಂದರೆ ಕಣ್ಣು, ನೀರಿನ ಒರತೆ ಎಂಬ ಅರ್ಥವೂ ಉಂಟು. ಮೂರು ಅಕ್ಷರಗಳನ್ನು ಹಿಂದೆ ಮುಂದೆ ಮಾಡಿದರೆ ಆರು ಜೋಡಣೆ. ಬಳಕೆಯಲ್ಲಿ ಇರುವುದು ಯಾವುದು, ಇಲ್ಲದ್ದು ಯಾವುದು ಎಂದು ಒಂದೇ ಕಡೆ ನೋಡುವುದು ಅವರ ಕ್ರಮ. ಐನ್, ನೂನ್, ಬಾ ಸೇರಿದರೆ 'ಇನಬ್', ಅಂದರೆ ದ್ರಾಕ್ಷಿ. ಅದನ್ನೇ ತಿರುಗಿಸಿದರೆ 'ನಬ್ಅ್', ನೀರು ಉಕ್ಕುವುದು. ನಮ್ಮವರು ದುಡಿಯುವ ಸೌದಿಯ ಯಾಂಬು ಊರಿನ ಹೆಸರೂ ಈ ನಬ್ಅ್ ಮೂಲದ್ದೇ, ಅಲ್ಲಿ ಒರತೆಗಳಿದ್ದವು. ಐನ್, ಶೀನ್, ಬಾ ಸೇರಿದರೆ 'ಉಶ್ಬ್', ಹಸಿ ಹುಲ್ಲು. ತಿರುಗಿಸಿದರೆ 'ಶಬಅ್', ಹೊಟ್ಟೆ ತುಂಬುವುದು.

ಇಷ್ಟು ದೊಡ್ಡ ಆಲಿಮರ ವಾಸ ಬಸರಾದ ಒಂದು ಜೊಂಡಿನ ಗುಡಿಸಲಿನಲ್ಲಿ. ಅಹ್ವಾಝಿನ ಅಧಿಕಾರಿ ಸಂಬಳ ಕೊಟ್ಟು ಕರೆಸಿಕೊಳ್ಳಲು ದೂತನನ್ನು ಕಳುಹಿಸಿದಾಗ ಖಲೀಲರು ಒಣ ರೊಟ್ಟಿ ತೋರಿಸಿ, ಇದು ಇರುವವರೆಗೆ ತನಗೆ ಅವರ ಹಂಗು ಬೇಡ ಎಂದು ಕಳುಹಿಸಿಬಿಟ್ಟರಂತೆ. ಲೆಕ್ಕವೊಂದನ್ನು ಯೋಚಿಸುತ್ತಾ ಮಸೀದಿಯ ಕಂಬಕ್ಕೆ ಡಿಕ್ಕಿ ಹೊಡೆದದ್ದೇ ಅವರ ಮರಣಕ್ಕೆ ಕಾರಣವಾಯಿತು ಎಂದು ಹೇಳುತ್ತಾರೆ. ನಿಘಂಟನ್ನು ಪೂರ್ತಿ ಮಾಡಿದವರು ಶಿಷ್ಯ ಲೈಸ್. ಇನ್ನೊಬ್ಬ ಶಿಷ್ಯ ಸೀಬವೈಹ್ ಅರಬರೇ ಅಲ್ಲ, ಪರ್ಶಿಯಾದವರು. ಅರಬಿ ವ್ಯಾಕರಣದ ಮಹಾಗ್ರಂಥ ಬರೆದದ್ದು ಅವರೇ.

ಭಾಷೆ ಉಳಿಯುವುದು ಕೇಳಿ ಬರೆದಿಡುವವರಿಂದ. ನಮ್ಮ ಬ್ಯಾರಿಯಲ್ಲೂ ಗಿಡಕ್ಕೆ, ತೋಡಿಗೆ, ಮಳೆನೀರಿಗೆ ಹಿರಿಯರು ಆಡುವ ಪದಗಳಿವೆ. ಅವರು ಇರುವಾಗಲೇ ಕೇಳಿ, ಮಕ್ಕಳ ಪುಸ್ತಕದಲ್ಲಿ ಬರೆಸಿಡೋಣ.