ಕೊಮೊಡೊ ಡ್ರ್ಯಾಗನ್ ಜೊತೆ ವಾಕಿಂಗ್ ಹೋಗುತ್ತಿದ್ದ ಜೋನ್ ಪ್ರಾಕ್ಟರ್: ಆ ಫೋಟೋ ಫೋಟೋಶಾಪ್ ಅಲ್ಲ

ಮಳೆಗಾಲ ಶುರುವಾದರೆ ಸಾಕು, ಮಂಡ್ಯ, ಮದ್ದೂರು, ಮಳವಳ್ಳಿ ಕಡೆಯಿಂದ ನಮಗೆ ಬರುವ ಫಾರ್ವರ್ಡ್‌ಗಳಲ್ಲಿ ಹಾವು, ಉಡ, ಮೊಸಳೆಗಳದ್ದೇ ಕಾರುಬಾರು. ಕಬ್ಬಿನ ಗದ್ದೆಯಲ್ಲಿ ಸಿಕ್ಕ ಕೇರೆ ಹಾವಿಗೆ ಯಾವುದೋ ದೇಶದ ಹೆಬ್ಬಾವಿನ ಹೆಸರಿಟ್ಟಿರುತ್ತಾರೆ. ಎಲ್ಲಿಯದೋ ಮೊಸಳೆಯನ್ನು ಶಿಂಷಾ ಹೊಳೆಗೆ ತಂದು ಬಿಟ್ಟಿರುತ್ತಾರೆ. ಇವುಗಳ ನಡುವೆ ಆಗಾಗ ಒಂದು ಕಪ್ಪುಬಿಳುಪು ಫೋಟೋ ಬರುತ್ತದೆ. ಒಬ್ಬ ಹೆಣ್ಣುಮಗಳು, ಪಕ್ಕದಲ್ಲಿ ಆಳುದ್ದದ ಒಂದು ಉಡ. ಇದು ನಿಜವಾ, ಎಡಿಟ್ ಮಾಡಿದ್ದಾ? ಆಮೇಲೆ ಆ ಉಡವೇ ಅವರನ್ನು ಕೊಂದಿತಂತೆ, ಹೌದಾ? ಎಂದು ಓದುಗರು ಕೇಳುತ್ತಾರೆ.

ಮೊದಲ ಪ್ರಶ್ನೆಗೆ ಉತ್ತರ: ನಿಜ. ಎರಡನೆಯದಕ್ಕೆ: ಸುಳ್ಳು. ಆ ಹೆಣ್ಣುಮಗಳ ಹೆಸರು ಜೋನ್ ಬೀಚಂ ಪ್ರಾಕ್ಟರ್. ಲಂಡನ್ ಮೃಗಾಲಯದಲ್ಲಿ ಸರೀಸೃಪಗಳ ಉಸ್ತುವಾರಿ ಹೊತ್ತ ಮೊದಲ ಮಹಿಳೆ. ಮೃಗಾಲಯದಲ್ಲಿ ಹಾವು, ಹಲ್ಲಿಗಳನ್ನು ಸಾಕುವುದು ಎಂದರೆ ಬರೀ ಬೋನಿಗೆ ಹಾಕಿ ಊಟ ಎಸೆಯುವುದಲ್ಲ, ಅದಕ್ಕೊಂದು ವಿಜ್ಞಾನ ಇದೆ ಎಂದು ಕೆಲಸ ಮಾಡಿ ತೋರಿಸಿದವರು. ಬದುಕಿದ್ದು 34 ವರ್ಷ ಮಾತ್ರ.

ಜೋನ್ ಹುಟ್ಟಿದ್ದು 1897ರ ಆಗಸ್ಟ್ 5ರಂದು, ಲಂಡನ್‌ನಲ್ಲಿ. ತಂದೆ ಷೇರು ವ್ಯವಹಾರದವರು, ಮನೆಯಲ್ಲಿ ಅನುಕೂಲ ಇತ್ತು. ಇಲ್ಲದ್ದು ಆರೋಗ್ಯ. ಚಿಕ್ಕಂದಿನಿಂದಲೇ ಕರುಳಿನ ಕಾಯಿಲೆ, ಮತ್ತೆ ಮತ್ತೆ ಆಪರೇಷನ್. ಕೇಂಬ್ರಿಜ್‌ಗೆ ಓದಲು ಹೋಗುವ ಆಸೆಯನ್ನು ಈ ಕಾಯಿಲೆಯೇ ನುಂಗಿತು. ಆದರೆ ಹತ್ತು ವರ್ಷದ ಹೊತ್ತಿಗೇ ಹುಡುಗಿ ಹಾವು, ಹಲ್ಲಿ ಸಾಕುತ್ತಿದ್ದಳು. ಒಂದು ಹಲ್ಲಿಯಂತೂ ಹೋದಲ್ಲೆಲ್ಲ ಜೊತೆ, ಊಟದ ಮೇಜಿನಲ್ಲೂ ಪಕ್ಕದಲ್ಲೇ. ಹದಿನಾರರಲ್ಲಿ ಒಂದು ಮೊಸಳೆ ಮರಿ ಸಿಕ್ಕಿತು. ಅದನ್ನು ಶಾಲೆಗೆ, ಅದೂ ಗಣಿತದ ಕ್ಲಾಸಿಗೆ ಹೊತ್ತು ತಂದಳು. ತರಗತಿ ಏನಾಗಿರಬಹುದು ಎಂದು ಊಹಿಸಿಕೊಳ್ಳಿ. (ಇದನ್ನು ನೋಡಿ ಯಾರೂ ಮೊಸಳೆ ಮರಿ ತರಬೇಡಿ. ನಮ್ಮಲ್ಲಿ ಅದು ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ.)

ಕಾಲೇಜು ಕೈತಪ್ಪಿದರೂ ಗುರು ಸಿಕ್ಕರು. ಬ್ರಿಟಿಷ್ ಮ್ಯೂಸಿಯಂನಲ್ಲಿ ಸರೀಸೃಪ ಮತ್ತು ಮೀನುಗಳ ವಿಭಾಗ ನೋಡಿಕೊಳ್ಳುತ್ತಿದ್ದ ಜಾರ್ಜ್ ಬೂಲಾಂಜೆ. ಭಾರತದ ಹಾವು, ಹಲ್ಲಿ, ಕಪ್ಪೆಗಳ ಬಗ್ಗೆ 1890ರಲ್ಲಿ ಬಂದ, ಬಹುಕಾಲ ಎಲ್ಲರೂ ಆಧರಿಸಿದ ಗ್ರಂಥ ಇವರದೇ. ಜೋನ್ 1916ರಲ್ಲಿ ಅವರ ಸಹಾಯಕಿಯಾಗಿ ಸೇರಿದರು. ಹತ್ತೊಂಬತ್ತನೇ ವಯಸ್ಸಿನಲ್ಲೇ ಒಂದು ಜಾತಿಯ ವಿಷದ ಹಾವಿನ ಕುರಿತ ಸಂಶೋಧನಾ ಪ್ರಬಂಧವನ್ನು ಜುವಾಲಜಿಕಲ್ ಸೊಸೈಟಿಯ ಮುಂದಿಟ್ಟರು. 1920ರಲ್ಲಿ ಗುರು ನಿವೃತ್ತರಾದಾಗ ಮ್ಯೂಸಿಯಂನ ಸರೀಸೃಪಗಳ ಹೊಣೆ ಇವರ ಹೆಗಲಿಗೇ ಬಂತು. ಡಿಗ್ರಿ ಇರಲಿಲ್ಲ, ವಯಸ್ಸು ಇಪ್ಪತ್ತಮೂರು.

ಇದೇ ಕಾಲಕ್ಕೆ ನಮ್ಮ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಸಿ. ಆರ್. ನಾರಾಯಣ ರಾವ್ ಎಂಬ ಪ್ರೊಫೆಸರ್ ಪಶ್ಚಿಮ ಘಟ್ಟದ ಕಪ್ಪೆಗಳನ್ನು ಹುಡುಕಿ ಹೆಸರಿಡುತ್ತಿದ್ದರು. ಕೊಟ್ಟಿಗೆಹಾರದ ಹೆಸರು ಹೊತ್ತ ಕಪ್ಪೆ ಇದೆ ಎಂದರೆ ಅದು ಅವರಿಂದ. 2010ರಲ್ಲಿ ಪೊದೆಗಪ್ಪೆಗಳ ಒಂದು ಇಡೀ ಕುಲಕ್ಕೆ ರಾವೋರ್ಕೆಸ್ಟಿಸ್ ಎಂದು ಅವರ ನೆನಪಿನ ಹೆಸರು ಬಂತು. ಅವರದೇ ದೊಡ್ಡ ಕತೆ, ಇನ್ನೊಮ್ಮೆ ಬರೆಯುತ್ತೇವೆ.

1923ರಲ್ಲಿ ಜೋನ್ ಲಂಡನ್ ಮೃಗಾಲಯಕ್ಕೆ ಬಂದರು. ಅಲ್ಲಿ ಎದುರಾದ ಸಮಸ್ಯೆ ಏನೆಂದು ಸ್ವಲ್ಪ ನಿಧಾನವಾಗಿ ನೋಡೋಣ, ಯಾಕೆಂದರೆ ಅವರ ನಿಜವಾದ ಸಾಧನೆ ಇರುವುದು ಇಲ್ಲೇ, ಫೋಟೋದಲ್ಲಲ್ಲ.

ಹಾವು, ಹಲ್ಲಿ, ಆಮೆಗಳು ನಮ್ಮ ಹಾಗೆ ಮೈಯೊಳಗೇ ಬಿಸಿ ಹುಟ್ಟಿಸಿಕೊಳ್ಳುವುದಿಲ್ಲ. ಬೆಳಗ್ಗೆ ಒಂಬತ್ತರ ಬಿಸಿಲಲ್ಲಿ ನಾಲೆ ಏರಿಯ ಕಲ್ಲಿನ ಮೇಲೆ ಓತಿಕ್ಯಾತ ಮೈ ಕಾಯಿಸುತ್ತಾ ಕೂತಿರುವುದನ್ನು ಎಲ್ಲರೂ ನೋಡಿದ್ದೇವೆ. ಬಿಸಿಯಾದ ಮೇಲೆ ಅದು ನೆರಳಿಗೆ ಓಡುತ್ತದೆ, ತಣ್ಣಗಾದರೆ ಮತ್ತೆ ಬಿಸಿಲಿಗೆ. ಈ ಓಡಾಟವೇ ಅದರ ಆರೋಗ್ಯ. ಮೈ ತಣ್ಣಗಿದ್ದರೆ ತಿಂದದ್ದು ಜೀರ್ಣವಾಗುವುದಿಲ್ಲ. ಇಡೀ ಕೋಣೆಯನ್ನು ಒಂದೇ ಸಮ ಬಿಸಿ ಮಾಡಿಟ್ಟರೆ ಪ್ರಾಣಿಗೆ ಈ ಆಯ್ಕೆಯೇ ಉಳಿಯುವುದಿಲ್ಲ.

ಎರಡನೆಯದು ಗಾಜು. ಬಿಸಿಲಿನಲ್ಲಿರುವ ನೇರಳಾತೀತ ಕಿರಣ ಚರ್ಮಕ್ಕೆ ಬಿದ್ದರೆ ಡಿ ವಿಟಮಿನ್ ತಯಾರಾಗುತ್ತದೆ, ಆಗ ಮಾತ್ರ ಮೂಳೆಗೆ ಕ್ಯಾಲ್ಸಿಯಂ ಸೇರುತ್ತದೆ. ಮಾಮೂಲಿ ಕಿಟಕಿ ಗಾಜು ಬೆಳಕನ್ನು ಬಿಡುತ್ತದೆ, ಆ ಕಿರಣವನ್ನು ತಡೆಯುತ್ತದೆ. ಗಾಜಿನ ಹಿಂದೆ ಬೆಳಗುವ ಬಿಸಿಲಲ್ಲೇ ಕೂತಿದ್ದರೂ ಹಲ್ಲಿಯ ಮೂಳೆ ಮೆತ್ತಗಾಗಿ ಬಾಗುತ್ತದೆ. ನೋಡುವವರಿಗೆ ಎಲ್ಲ ಸರಿಯಿದ್ದ ಹಾಗೇ ಕಾಣುತ್ತಿರುತ್ತದೆ.

ಜೋನ್ ಇದಕ್ಕೆಲ್ಲ ಸೇರಿಸಿ ಒಂದು ಹೊಸ ಮನೆಯನ್ನೇ ಯೋಜಿಸಿದರು. ವಾಸ್ತುಶಿಲ್ಪಿ ಎಡ್ವರ್ಡ್ ಗೈ ಡಾಬರ್ ಜೊತೆ ಸೇರಿ ರೂಪಿಸಿದ ಆ ರೆಪ್ಟೈಲ್ ಹೌಸ್ 1927ರಲ್ಲಿ ತೆರೆಯಿತು. ಗೂಡುಗಳಿಗೆ ಬೇರೆ ಬೇರೆ ಉಷ್ಣತೆ ಕೊಡುವ ವಿದ್ಯುತ್ ವ್ಯವಸ್ಥೆ, ನೇರಳಾತೀತ ಕಿರಣವನ್ನು ಒಳಗೆ ಬಿಡುವ ವಿಶೇಷ ಗಾಜು. ನೋಡುವವರು ನಡೆಯುವ ದಾರಿ ಮಬ್ಬು, ಪ್ರಾಣಿ ಇರುವ ಜಾಗ ಬೆಳಕು, ಸಿನಿಮಾ ಪರದೆಯ ಹಾಗೆ. ಒಳಗಿನ ಬಂಡೆ, ಹಿನ್ನೆಲೆಗಳನ್ನು ಆಯಾ ಪ್ರಾಣಿಯ ಊರಿನಂತೆ ಮಾಡಿಸಿದರು. ಚಿತ್ರ ಬರೆಯುವುದು, ಮಾದರಿ ಮಾಡುವುದು ಅವರಿಗೆ ಮೊದಲೇ ಗೊತ್ತಿತ್ತು, ಅದು ಇಲ್ಲಿ ಕೈಹಿಡಿಯಿತು.

ಮಳವಳ್ಳಿಯವರಿಗೆ ಇಲ್ಲಿ ಒಂದು ಮಾತು. ನಿಮ್ಮ ತಾಲ್ಲೂಕಿನ ಶಿವನಸಮುದ್ರದಲ್ಲಿ 1902ರಲ್ಲೇ ವಿದ್ಯುತ್ ಹುಟ್ಟಿ ಕೋಲಾರದ ಚಿನ್ನದ ಗಣಿಗೆ ಹೋಗಿತ್ತು. ಅದಾಗಿ 25 ವರ್ಷಕ್ಕೆ ಲಂಡನ್‌ನಲ್ಲಿ ಅದೇ ವಿದ್ಯುತ್ತನ್ನು ಹಲ್ಲಿಗೆ ಬಿಸಿಲು ಮಾಡಿಕೊಡಲು ಬಳಸಿದ್ದು ಆಗ ದೊಡ್ಡ ಹೊಸತು.

ಅದೇ 1927ರಲ್ಲಿ ಇಂಡೋನೇಷ್ಯಾದಿಂದ ಎರಡು ಕೊಮೊಡೊ ಡ್ರ್ಯಾಗನ್‌ಗಳು ಬಂದವು. ಸುಂಬಾವಾ ಮತ್ತು ಸುಂಬಾ ಎಂದು ಅವುಗಳಿಗೆ ದ್ವೀಪಗಳ ಹೆಸರು. ಹೆಸರು ಡ್ರ್ಯಾಗನ್ ಆದರೂ ಇದು ನಮ್ಮ ಹೊಲದ ಉಡದ ಕುಲವೇ, ದೊಡ್ಡಣ್ಣ ಅನ್ನಿ. ಮೂರು ಮೀಟರ್‌ವರೆಗೂ ಬೆಳೆಯುತ್ತದೆ. ವಿಜ್ಞಾನಿಗಳು ಇದಕ್ಕೆ ಹೆಸರಿಟ್ಟಿದ್ದೇ 1912ರಲ್ಲಿ, ಹಾಗಾಗಿ ಯುರೋಪಿನವರಿಗೆ ಇದು ಕತೆಯಲ್ಲಿ ಕೇಳಿದ ರಾಕ್ಷಸ. ಜೋನ್ ಸುಂಬಾವಾಗೆ ಕೈಯಿಂದ ಊಟ ಕೊಟ್ಟು ಪಳಗಿಸಿದರು. ಬಾಲ ಹಿಡಿದು ದಾರಿ ತೋರಿಸುತ್ತಾ ಮೃಗಾಲಯದಲ್ಲಿ ಜನರ ನಡುವೆಯೇ ಅದನ್ನು ನಡೆಸುತ್ತಿದ್ದರು. 1928ರಲ್ಲಿ ವಿಜ್ಞಾನಿಗಳ ಸಭೆಗೂ ಕರೆತಂದು, ಎಲ್ಲರೆದುರು ಮೊಟ್ಟೆ, ಕೋಳಿ, ಪಾರಿವಾಳ ತಿನ್ನಿಸಿದರು. ಹಲ್ಲಿಗೆ ಬುದ್ಧಿಯಿಲ್ಲ, ಸಾಕಿದವರ ಗುರುತು ಸಿಗುವುದಿಲ್ಲ ಎಂದು ಬರೆದಿಟ್ಟಿದ್ದವರು ಅದನ್ನು ಕಣ್ಣಾರೆ ನೋಡಿದರು.

ಇಷ್ಟು ಹೇಳಿದ ಮೇಲೆ ನಮ್ಮ ತಕರಾರನ್ನೂ ಹೇಳಬೇಕು. ಮಕ್ಕಳು ಮುಟ್ಟುವಷ್ಟು ಹತ್ತಿರಕ್ಕೆ ಆ ಪ್ರಾಣಿಯನ್ನು ತಂದದ್ದು ಅಪಾಯವೇ. ಇಂದಿನ ಮೃಗಾಲಯಗಳಲ್ಲಿ ಹಾಗೆ ಬಿಡುವುದಿಲ್ಲ. ಅದಕ್ಕೆ ಕಾರಣವೂ ಇದೆ. ಕೊಮೊಡೊ ಬಾಯಲ್ಲಿ ಕೊಳೆತ ಮಾಂಸದ ಬ್ಯಾಕ್ಟೀರಿಯಾ ಇರುತ್ತದೆ, ಅದರಿಂದಲೇ ಬೇಟೆ ಸಾಯುತ್ತದೆ ಎಂದು ಬಹಳ ವರ್ಷ ಪಠ್ಯಗಳಲ್ಲೂ ಇತ್ತು, ಇವತ್ತಿಗೂ ಫಾರ್ವರ್ಡ್ ಆಗುತ್ತಿದೆ. 2009ರಲ್ಲಿ ಅದರ ಕೆಳದವಡೆಯಲ್ಲಿ ವಿಷಗ್ರಂಥಿಗಳಿವೆ ಎಂದು ಸಂಶೋಧಕರು ತೋರಿಸಿದರು. ಜೋನ್ ಬಾಲ ಹಿಡಿದಿದ್ದು ವಿಷವಿರುವ ಪ್ರಾಣಿಯದ್ದು, ಅದು ಅವರಿಗೆ ತಿಳಿಯುವ ಕಾಲವೇ ಆಗಿರಲಿಲ್ಲ.

ಆ ಕಾಲದ ಪತ್ರಿಕೆಗಳಿಗೆ ಜೋನ್ ಎಂದರೆ ವಿಚಿತ್ರ ಸುದ್ದಿ: ಸಣಕಲು ಮೈಯ, ಕಾಯಿಲೆಯ ಹೆಣ್ಣುಮಗಳು ಹೆಬ್ಬಾವು ಎತ್ತುತ್ತಾಳೆ, ಮೊಸಳೆಗೆ ಚಿಕಿತ್ಸೆ ಮಾಡುತ್ತಾಳೆ ಎಂದು. ಆಪರೇಷನ್ ಎಷ್ಟು ಅನುಭವಿಸಿದ್ದರೋ, ಪ್ರಾಣಿಗಳಿಗೆ ಅರಿವಳಿಕೆ ಕೊಟ್ಟು ಆಪರೇಷನ್ ಮಾಡುವುದರಲ್ಲೂ ಅಷ್ಟೇ ಪಳಗಿದ್ದರು. ಅವರ ಬರವಣಿಗೆ, ಅವರು ಹೆಸರಿಟ್ಟ ಹಲ್ಲಿ, ಪೂರ್ವ ಆಫ್ರಿಕಾದ ದೋಸೆಯಂತೆ ಚಪ್ಪಟೆಯಾದ ಆಮೆಯ ಮೇಲಿನ ಅಧ್ಯಯನ, ಇವೆಲ್ಲ ಆ ಸುದ್ದಿಯ ಅಬ್ಬರದಲ್ಲಿ ಹಿಂದೆ ಸರಿದವು. ಈಗಲೂ ಹರಿದಾಡುವುದು ಫೋಟೋ ಮಾತ್ರ, ಗಾಜು ಮತ್ತು ಬಿಸಿಲಿನ ವಿಷಯ ಯಾರೂ ಫಾರ್ವರ್ಡ್ ಮಾಡುವುದಿಲ್ಲ.

ಕೊನೆಯ ವರ್ಷಗಳಲ್ಲಿ ಓಡಾಡಲು ಆಗದಾಗ ಮೋಟಾರು ಗಾಲಿಕುರ್ಚಿಯಲ್ಲಿ ಮೃಗಾಲಯ ಸುತ್ತುತ್ತಿದ್ದರು. ಕೆಲಸಕ್ಕೆ ಹಿಡಿದ ಪಟ್ಟು ಉಡದ್ದೇ. 1931ರಲ್ಲಿ ಷಿಕಾಗೊ ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಕೊಟ್ಟಿತು. ಅದೇ ವರ್ಷ ಸೆಪ್ಟೆಂಬರ್ 20ರಂದು ಅವರು ತೀರಿಕೊಂಡರು. ಹಾವು ಕಚ್ಚಿ ಅಲ್ಲ, ಡ್ರ್ಯಾಗನ್ ಕಚ್ಚಿ ಅಲ್ಲ, ಬಾಲ್ಯದಿಂದ ಬಿಡದ ಕಾಯಿಲೆಯಿಂದ.

ಜೋನ್ ಬಿಟ್ಟುಹೋದ ಕೆಲಸ ಎಲ್ಲಿಗೆ ಮುಟ್ಟಿತು ಎಂಬುದಕ್ಕೆ ಒಂದು ಉದಾಹರಣೆ ಸಾಕು. ಕೈಟ್ರಿಡ್ ಎಂಬ ಶಿಲೀಂಧ್ರ ಕಪ್ಪೆಗಳ ಚರ್ಮಕ್ಕೆ ತಗಲುತ್ತದೆ. ಕಪ್ಪೆ ಚರ್ಮದಿಂದಲೇ ನೀರು ಹೀರುತ್ತದೆ, ಚರ್ಮ ಕೆಟ್ಟರೆ ಹೃದಯವೇ ನಿಲ್ಲುತ್ತದೆ. ಈ ರೋಗದಿಂದ ಜಗತ್ತಿನಲ್ಲಿ 90 ಜಾತಿಯ ಉಭಯಜೀವಿಗಳು ನಿರ್ನಾಮವಾಗಿರಬಹುದು ಎಂದು 2019ರ ಒಂದು ಅಧ್ಯಯನ ಲೆಕ್ಕ ಹಾಕಿತು. 2009ರಲ್ಲಿ ಅದು ಕೆರಿಬಿಯನ್ನಿನ ಮಾಂಟ್ಸೆರಾಟ್ ದ್ವೀಪಕ್ಕೆ ಹಬ್ಬಿದಾಗ, ಅಲ್ಲಿ ಬೆಟ್ಟದ ಕೋಳಿ ಎಂದೇ ಕರೆಯುವ ದೊಡ್ಡ ಕಪ್ಪೆಗಳನ್ನು ಹಿಡಿದು ಮೃಗಾಲಯಗಳಿಗೆ ಸಾಗಿಸಿದರು, ಲಂಡನ್‌ಗೂ ಬಂದವು. ಅಂಥ ಕಪ್ಪೆಯನ್ನು ನೋಡಿಕೊಳ್ಳುವವರ ದಿನವೆಲ್ಲ ಕಳೆಯುವುದು ನೀರು ಪರೀಕ್ಷಿಸುವುದು, ಕೈಗವಸು ಬದಲಿಸುವುದು, ಬೂಟು ತೊಳೆಯುವುದು, ತೂಕ ಬರೆದಿಡುವುದರಲ್ಲೇ. ಫೋಟೋಗೆ ಒದಗುವ ಕೆಲಸ ಒಂದೂ ಇಲ್ಲ.

2024ರಲ್ಲಿ ಲಂಡನ್ ಮೃಗಾಲಯ ಸರೀಸೃಪ ಮತ್ತು ಉಭಯಜೀವಿಗಳಿಗೆ ಹೊಸ ಮನೆ ತೆರೆದು, ಪ್ರಾಣಿಗಳನ್ನು ಜೋನ್ ಕಟ್ಟಿಸಿದ ಮನೆಯಿಂದ ಅಲ್ಲಿಗೆ ಸ್ಥಳಾಂತರಿಸಿತು. ಹಳೆಯ ಕಟ್ಟಡವನ್ನು ಕೆಡವುವಂತಿಲ್ಲ, ಅದು ಪಾರಂಪರಿಕ ಪಟ್ಟಿಯಲ್ಲಿದೆ. ಸುಮಾರು ನೂರು ವರ್ಷ ಅಲ್ಲಿ ಹಾವು, ಹಲ್ಲಿಗಳು ಬದುಕಿದವು.

ಇನ್ನು ನಮ್ಮ ಕಬ್ಬಿನ ಗದ್ದೆಯ ವಿಷಯ. ಉಡ ಕಂಡರೆ ಹಿಡಿಯಬೇಡಿ, ಅದರ ಎಣ್ಣೆ ಯಾವ ಮಂಡಿನೋವನ್ನೂ ಗುಣಪಡಿಸುತ್ತದೆ ಎಂಬುದಕ್ಕೆ ಆಧಾರವಿಲ್ಲ. ಹತ್ತಾಜೋಡಿ ಎಂದು ಮಾರುವ ಅದೃಷ್ಟದ ಬೇರು ಗಂಡು ಉಡದ ಜನನಾಂಗ, ಇಟ್ಟುಕೊಂಡರೂ ಕೇಸು. ಹಾವು ಕಂಡರೆ ದೂರ ನಿಂತು ಅರಣ್ಯ ಇಲಾಖೆಗೆ ಫೋನ್ ಮಾಡಿ. ಕಚ್ಚಿದರೆ ಕೊಯ್ಯುವುದು, ಬಿಗಿಯಾಗಿ ಕಟ್ಟುವುದು, ಚೀಪುವುದು ಬೇಡ. ಕಾಲನ್ನು ಅಲುಗಾಡಿಸದೆ ವಿಷನಿರೋಧಕ ಔಷಧ ಇರುವ ಸರ್ಕಾರಿ ಆಸ್ಪತ್ರೆಗೆ ಹೊರಡಿ. ಹಾವನ್ನು ಹಿಡಿದು ತಂದು ಡಾಕ್ಟರಿಗೆ ತೋರಿಸಬೇಕು ಎಂಬ ಫಾರ್ವರ್ಡ್ ಬಂದರೆ ಅದನ್ನು ಅಲ್ಲೇ ಅಳಿಸಿ. ಲಕ್ಷಣ ಮತ್ತು ರಕ್ತಪರೀಕ್ಷೆ ನೋಡಿ ಚಿಕಿತ್ಸೆ ಶುರು ಮಾಡುತ್ತಾರೆ.